ಅಕ್ಕ ನಿಲ್ಲುತ್ತಿದ್ದ ಜಾಗ

ಆ ವರ್ಷ ಕಾಲೇಜಿನ ಹುಡುಗಿಯರ ಬಾಸ್ಕೆಟ್‌ಬಾಲ್ ತಂಡಕ್ಕೆ ಹಳಬರೆಲ್ಲ ವಾಪಸ್ಸು ಬಂದಿದ್ದರು, ಅಕ್ಕ ಒಬ್ಬಳನ್ನು ಬಿಟ್ಟು. ಅವಳ ಓದು ಮುಗಿದಿತ್ತು; ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿಕೊಂಡಿದ್ದಳು.

ಅವಳು ನಿಜಕ್ಕೂ ಅಕ್ಕನಾಗಿದ್ದದ್ದು ತಂಡದಲ್ಲಿ ಒಬ್ಬಳಿಗೆ ಮಾತ್ರ. ಆ ಒಬ್ಬಳು, ಅವಳ ಬೆನ್ನಿಗೆ ಹುಟ್ಟಿದ ತಂಗಿ, ಕಾಲೇಜಿಗೆ ಸೇರಿದ ಹೊಸದರಲ್ಲಿ ಮೈದಾನದ ಈ ತುದಿಯಿಂದ ಆ ತುದಿಗೆ "ಅಕ್ಕಾ, ಚೆಂಡು!" ಎಂದು ಅಡುಗೆಮನೆಯಿಂದ ಕೂಗುವಂತೆ ಕೂಗಿಬಿಟ್ಟಿದ್ದಳು. ಉಳಿದವರು ಅಣಕಿಸುವುದಕ್ಕೆಂದು ಅದನ್ನೇ ಕೂಗಿದರು. ಕೂಗಿ ಕೂಗಿ ಬಾಯಿಗೆ ರೂಢಿಯಾಯಿತು. ಅಕ್ಕನಿಗಿಂತ ದೊಡ್ಡವರೂ ಅಕ್ಕ ಎಂದರು, ಕೋಚ್ ಮೇಡಂ ಕೂಡ ಅಕ್ಕ ಎಂದರು. ಇವಳಿಗೆ ತಂಗಿ ಎಂಬ ಹೆಸರು ಹೇಳದೆ ಕೇಳದೆ ಅಂಟಿಕೊಂಡಿತು.

ಬರಬರುತ್ತಾ ಆ ಕರೆ ಬರೀ ಹೆಸರಾಗಿ ಉಳಿಯಲಿಲ್ಲ, ಆಟದ ಸನ್ನೆಯೇ ಆಗಿಹೋಯಿತು. ಎದುರಾಳಿಗಳು ಮುತ್ತಿಕೊಂಡು ಚೆಂಡು ಹಿಡಿದವಳಿಗೆ ದಿಕ್ಕು ತೋಚದಿದ್ದಾಗ "ಅಕ್ಕಾ!" ಎಂದು ಕೂಗುವುದು, ಬುಟ್ಟಿಯ ಎಡಗಡೆಗೆ ಕಣ್ಣುಮುಚ್ಚಿ ಚೆಂಡು ಎಸೆಯುವುದು. ಅಲ್ಲಿ ಅಕ್ಕ ಇರುತ್ತಿದ್ದಳು. ಇರದಿದ್ದರೆ ಕೂಗು ಕೇಳಿದೊಡನೆ ಅಲ್ಲಿಗೆ ಬಂದಿರುತ್ತಿದ್ದಳು. ಹೋದ ವರ್ಷದ ಗೆಲುವುಗಳೆಲ್ಲ ಹೆಚ್ಚುಕಡಿಮೆ ಹೀಗೆ ಬಂದವು.

ಪಂದ್ಯಗಳು ಶುರುವಾಗುವ ಮೊದಲು ಕಾಲೇಜು ಪತ್ರಿಕೆಗೆ ಬರೆಯುವ ಹುಡುಗಿ ಬಂದಳು. ಈ ಸಲ ತಂಡದ ಸ್ಥಿತಿಗತಿ ಏನು ಎಂದು ಕೇಳುವುದು ಪ್ರತಿ ವರ್ಷದ ಪದ್ಧತಿ. ಕೋಚ್ ಮೇಡಂ ಮೈದಾನದ ಮೆಟ್ಟಿಲ ಮೇಲೆ ಕುಳಿತು, ಬೂಟಿನ ಲೇಸು ಬಿಗಿಯುತ್ತಲೇ ಉತ್ತರ ಹೇಳಿದರು.

"ಚೆಂಡು ಮುಂದಕ್ಕೆ ತರೋಳು ಗುಬ್ಬಿ. ಅವಳ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ದೂರದಿಂದ ಎಸೆಯೋರು ಇಬ್ಬರಿದ್ದಾರೆ, ಒಬ್ಬಳಿಗೆ ಗುರಿ ಇದೆ, ಇನ್ನೊಬ್ಬಳಿಗೆ ಧೈರ್ಯ ಇದೆ. ಕಾಲು ಉಳುಕಿಸಿಕೊಂಡೋಳು ವಾಪಸ್ ಬಂದಿದ್ದಾಳೆ, ಓಡ್ತಾಳೆ. ಹೊಸಬಳೊಬ್ಬಳು ಸೇರಿದ್ದಾಳೆ, ಎಲ್ಲರೂ ಕಂಬ ಅಂತಾರೆ. ಎತ್ತರ ಇದೆ. ಎತ್ತರ ಬಿಟ್ಟು ಇನ್ನೇನಿದೆ ಅಂತ ಹುಡುಕ್ತಾ ಇದ್ದೀವಿ."

"ಮತ್ತೆ ಅಕ್ಕನ ಜಾಗಕ್ಕೆ?"

ಮೇಡಂ ಲೇಸು ಬಿಟ್ಟು ತಲೆ ಎತ್ತಿದರು. ಅಷ್ಟರಲ್ಲಿ ಗುಬ್ಬಿ ಹಿಂದಿನಿಂದ ಬಾಯಿ ಹಾಕಿದಳು. "ಅದೇನು ಕೇಳೋದು? ಅಕ್ಕ ಹೋದ್ರೆ ತಂಗಿ. ಮನೆ ಆಸ್ತಿ ಮನೇಲೇ ಇರ್ಲಿ!"

ಎಲ್ಲರೂ ನಕ್ಕರು. ತಂಗಿಯೂ ನಕ್ಕಳು. ಎರಡು ವರ್ಷ ಎರಡನೇ ಐವರಲ್ಲಿ, ಅಂದರೆ ಅಭ್ಯಾಸಕ್ಕೆ ಬೇಕು, ಪಂದ್ಯಕ್ಕೆ ಬೇಡ ಎನ್ನುವವರ ಸಾಲಿನಲ್ಲಿ, ಅವಳು ಕಾದಿದ್ದಳು. ಇದು ಅವಳ ಕೊನೆಯ ವರ್ಷ. ಪಂದ್ಯ ಶುರುವಾಗುವಾಗ ಒಮ್ಮೆಯಾದರೂ ಮೊದಲ ಐವರಲ್ಲಿ ಒಬ್ಬಳಾಗಿ ನಿಲ್ಲಬೇಕು ಎಂಬುದು ಅವಳು ಯಾರಿಗೂ ಬಾಯಿಬಿಟ್ಟು ಹೇಳದ ಆಸೆ.

ಮನೆಯಲ್ಲಿ ಅಮ್ಮ ಆಗಲೇ ಅಕ್ಕನ ಆಟದ ಅಂಗಿಯನ್ನು ಹೊಲಿಗೆ ಯಂತ್ರದ ಮೇಲೆ ಹರವಿಕೊಂಡಿದ್ದಳು. ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ಹೊಲಿಗೆಯ ಮೇಲೆ ಹೊಲಿಗೆ ಹಾಕದೆ ಕೈ ಸುಮ್ಮನಿರುತ್ತಿರಲಿಲ್ಲ. ತಂಗಿಯನ್ನು ನಿಲ್ಲಿಸಿ ಅಂಗಿ ತೊಡಿಸಿದಳು. ಅದು ಮೊಣಕಾಲಿನವರೆಗೆ ಬಂತು.

"ಕೆಳಗೆ ಕತ್ತರಿಸ್ತೀನಿ, ಪಕ್ಕದಲ್ಲಿ ಹಿಡೀತೀನಿ, ಸರಿಹೋಗತ್ತೆ ಬಿಡು," ಎಂದು ಗುಂಡುಸೂಜಿ ಕಚ್ಚಿದ ಹಲ್ಲಿನ ನಡುವೆಯೇ ಹೇಳಿದಳು.

"ನನ್ನ ಎತ್ತರಕ್ಕೆ ಏನು ಮಾಡ್ತೀಯಮ್ಮ?"

"ಅದಕ್ಕೆ ಬಟ್ಟೆ ಸಾಲಲ್ಲ ತಾಯಿ. ಅದನ್ನ ನಿಮ್ಮಪ್ಪನ್ನ ಕೇಳು."

ಅಕ್ಕ ಸಂಜೆ ಅಂಗಡಿಯಿಂದ ಬಂದು ಚಪ್ಪಲಿ ಮೂಲೆಗೆ ಎಸೆದು ಕಾಲು ಚಾಚಿದಳು. ತಂಗಿ ಹತ್ತಿರ ಸರಿದು ಕೇಳಿದಳು. "ಅಕ್ಕ, ಅಲ್ಲಿ ನಿಂತು ನೀನು ನಿಜವಾಗ್ಲೂ ಏನು ಮಾಡ್ತಿದ್ದೆ?"

"ಯಾವನಿಗೆ ಗೊತ್ತು? ಕರೀತಿದ್ರು, ಹೋಗ್ತಿದ್ದೆ. ಚೆಂಡು ಬರ್ತಿತ್ತು, ಹಾಕ್ತಿದ್ದೆ. ಇಡೀ ದಿನ ಜನರ ಮೂಗಿನ ಮೇಲೆ ಫ್ರೇಮು ಇಟ್ಟು ಇಟ್ಟು ನನಗೆ ಈಗ ಮೂಗು ಬಿಟ್ಟು ಏನೂ ಕಾಣಲ್ಲ ಕಣೇ. ಕಾಲು ಒತ್ತು ಸ್ವಲ್ಪ."

ತಂಗಿ ಕಾಲು ಒತ್ತಿದಳು. ಒತ್ತಿದ್ದಕ್ಕೆ ಅಷ್ಟೇ ಫಲ ಸಿಕ್ಕಿತು.

ಮರುದಿನ ಮೇಡಂ ಅವಳನ್ನು ಮೊದಲ ಐವರ ಜೊತೆ ಅಕ್ಕನ ಜಾಗದಲ್ಲಿ ಆಡಿಸಿದರು. ಎದುರಿಗೆ ಎರಡನೇ ಐವರಲ್ಲಿ ಕಂಬ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆಲ್ಲ ಇಬ್ಬರು ಗುಬ್ಬಿಯನ್ನು ಗೆರೆಯ ಹತ್ತಿರ ಒತ್ತರಿಸಿದರು. ಅವಳು ಎಂದಿನಂತೆ "ಅಕ್ಕಾ!" ಎಂದು ಕಿರುಚಿ ಚೆಂಡು ಎಸೆದಳು.

ತಂಗಿ ಎಲ್ಲಿದ್ದಳೋ ಅಲ್ಲಿಂದ ಬಾಣದಂತೆ ನುಗ್ಗಿ ಬಂದಳು. ಬಂದು ಚೆಂಡಿಗೆ ಅಡ್ಡ ಹಾರಿ, ಅಂಗೈಯಿಂದ ಫಟಾರನೆ ಹೊಡೆದು ಹೊರಗೆ ಕಳಿಸಿದಳು.

ಮೈದಾನದಲ್ಲೆಲ್ಲ ನಗೆ ಎದ್ದಿತು. ಗುಬ್ಬಿ ಸೊಂಟದ ಮೇಲೆ ಕೈ ಇಟ್ಟಳು. "ಅಯ್ಯೋ ಮಹಾತಾಯಿ, ಅದು ನಿನಗೇ ಕೊಟ್ಟ ಚೆಂಡು ಕಣೇ!"

ತಂಗಿಯ ಮುಖ ಕೆಂಪಾಯಿತು. ಎರಡನೇ ಸಲ ಹುಷಾರಾಗಿ ನಿಂತಳು, ಹಿಡಿಯಬೇಕು, ಹಿಡಿಯಬೇಕು ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. "ಅಕ್ಕಾ!" ಎಂದು ಕೇಳಿದ್ದೇ ತಡ, ಮನಸ್ಸು ಹಿಡಿ ಎಂದಿತು, ಕೈ ಹೊಡೆಯಿತು. ಮೂರನೇ ಸಲವೂ ಅದೇ ಕಥೆ. ನಗುವವರು ನಗುವುದನ್ನು ನಿಲ್ಲಿಸಿದರು, ಅದು ನಗೆಗಿಂತ ಕಷ್ಟವಾಯಿತು.

ಹಾಗಾದದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಎರಡು ವರ್ಷ ಪ್ರತಿ ಸಂಜೆ ತಂಗಿಗಿದ್ದ ಕೆಲಸ ಒಂದೇ: ಎದುರು ಸಾಲಿನಲ್ಲಿ ನಿಂತು ಅಕ್ಕನನ್ನು ತಡೆಯುವುದು. "ಅಕ್ಕಾ" ಎಂಬ ಕೂಗು ತಂಡದ ಉಳಿದವರಿಗೆಲ್ಲ ಚೆಂಡು ಕೊಡು ಎಂದು ಕೇಳಿಸಿದರೆ ಅವಳೊಬ್ಬಳಿಗೆ ಚೆಂಡು ತಡೆ ಎಂದು ಕೇಳಿಸುತ್ತಿತ್ತು.

ಇತ್ತ ಕಂಬನ ಪಾಡು ಇನ್ನೊಂದು ಬಗೆ. ಮೇಡಂ ಅವಳನ್ನೂ ಒಮ್ಮೆ ಆ ಜಾಗಕ್ಕೆ ಹಾಕಿ ನೋಡಿದರು. ಗುಬ್ಬಿ ಕೂಗಿದಳು, ಚೆಂಡು ಬಂತು, ಕಂಬ ನಿಂತೇ ಇದ್ದಳು; ಚೆಂಡು ಅವಳ ಕಿವಿಯ ಪಕ್ಕದಿಂದ ಹಾದು ಗೋಡೆಗೆ ಬಡಿಯಿತು.

"ಯಾಕಮ್ಮ ಅಲ್ಲಾಡಲಿಲ್ಲ?" ಎಂದರು ಮೇಡಂ.

"ಅಕ್ಕ ಅಂತ ಕರೆದ್ರಲ್ಲ ಮೇಡಂ. ನಾನು ಇಲ್ಲಿ ಎಲ್ಲರಿಗಿಂತ ಚಿಕ್ಕೋಳು. ಬೇರೆ ಯಾರನ್ನೋ ಕರೀತಿದಾರೆ ಅಂದ್ಕೊಂಡೆ."

ಮೇಡಂ ತಲೆ ಮೇಲೆ ಕೈ ಇಟ್ಟುಕೊಂಡರು.

ವಾರದ ಕೊನೆಗೆ ಪಕ್ಕದ ಕಾಲೇಜಿನ ಜೊತೆ ಸ್ನೇಹದ ಪಂದ್ಯ. ಅದರಲ್ಲಿ ಯಾವ ಐವರು ಇಳಿಯುತ್ತಾರೋ ಅವರೇ ವರ್ಷವಿಡೀ ಇಳಿಯುವುದು ವಾಡಿಕೆ. ಹಿಂದಿನ ದಿನ ಅಭ್ಯಾಸ ಮುಗಿದ ಮೇಲೆ ತಂಗಿ ಸಾಮಾನಿನ ಕೋಣೆಗೆ ಹೋದಳು. ಬೆವರಿನ, ರಬ್ಬರಿನ ವಾಸನೆ. ಮೇಡಂ ಕಾಲಿಂದ ಪಂಪು ಒತ್ತಿ ಚೆಂಡಿಗೆ ಗಾಳಿ ತುಂಬುತ್ತಿದ್ದರು. ಅವಳು ಯಾಕೆ ಬಂದಳೆಂದು ಕೇಳಲಿಲ್ಲ.

"ಮರೆಯೋಕೆ ಆಗತ್ತೆ," ಎಂದರು. "ಕೈಗೆ ಹತ್ತಿದ್ದು ಕೈಯಿಂದ ಹೋಗತ್ತೆ, ಸ್ವಲ್ಪ ದಿನ ಹಿಡಿಯತ್ತೆ ಅಷ್ಟೆ. ಮೊದಲ ಪಂದ್ಯಗಳು ಒದ್ದಾಡ್ತೀವಿ. ಜಾಗ ಬೇಕು ಅಂದ್ರೆ ಕೊಡ್ತೀನಿ. ಎರಡು ವರ್ಷ ಒಂದು ಸಂಜೆ ತಪ್ಪಿಸಿದೋಳಲ್ಲ ನೀನು."

ತಂಗಿಗೆ ಹೂಂ ಎನ್ನುವುದು ನೀರು ಕುಡಿದಷ್ಟು ಸಲೀಸಾಗಿತ್ತು. ಬಾಯಿಯವರೆಗೂ ಬಂದಿತ್ತು. ಆದರೆ ಆ ವಾರವಿಡೀ ಅವಳ ತಲೆಯಲ್ಲಿ ಒಂದು ಸಂಗತಿ ಹುಳದ ಹಾಗೆ ಕೊರೆಯುತ್ತಿತ್ತು. ಮೂರು ಸಲ ಹೊಡೆದಳಲ್ಲ, ಮೂರು ಸಲವೂ ಚೆಂಡು ಸಿಕ್ಕಿತ್ತು. ಒಮ್ಮೆಯೂ ತಪ್ಪಿರಲಿಲ್ಲ.

"ಮೇಡಂ, ಕಂಬನ್ನ ಹಾಕಿ," ಎಂದಳು. "ಅವಳನ್ನ ಬೇರೆ ಏನಾದ್ರೂ ಅಂತ ಕರೀರಿ, ಬರ್ತಾಳೆ. ನನ್ನನ್ನ ಎದುರು ತಂಡದ ಎತ್ತರದೋಳ ಮೇಲೆ ಬಿಡಿ. ಚೆಂಡು ಹಿಡಿಯೋದು ನನಗೆ ಬರಲ್ಲ. ಅವಳ ಕೈಗೆ ಬರದ ಹಾಗೆ ಮಾಡೋದು ಬರತ್ತೆ."

ಮೇಡಂ ಪಂಪು ನಿಲ್ಲಿಸಿದರು. "ಬಿಡ್ತೀನಿ. ಆದ್ರೆ ಶುರುವಿನಿಂದ ಬಿಡೋಕಾಗಲ್ಲ. ಆ ಐದರಲ್ಲಿ ಖಾಲಿ ಇರೋದು ಅದೊಂದೇ ಜಾಗ. ಅದನ್ನ ಬಿಟ್ರೆ ನಿನಗೆ ಬೆಂಚು. ಗೊತ್ತಲ್ಲ?"

"ಗೊತ್ತು."

"ಇಡೀ ವರ್ಷ ಬೆಂಚಿಂದಲೇ ಎದ್ದು ಬರಬೇಕು."

"ಗೊತ್ತು ಮೇಡಂ," ಎಂದಳು. ಗಾಳಿ ತುಂಬಿದ ಚೆಂಡುಗಳನ್ನು ಬಲೆಚೀಲಕ್ಕೆ ಹಾಕಲು ಕೈಜೋಡಿಸಿದಳು.

ಮರುದಿನ ಐವರು ಇಳಿದರು. ಕಂಬನನ್ನು ಕರೆಯಲು ಗುಬ್ಬಿ "ಮೇಲೆ!" ಎಂಬ ಹೊಸ ಮಾತು ಹುಡುಕಿದ್ದಳು. ಸೀಟಿ ಊದಿದಾಗ ತಂಗಿ ಬೆಂಚಿನ ಮೇಲೆ ಮೊಣಕಾಲಿಗೆ ಮೊಣಕೈ ಊರಿ ಕುಳಿತಿದ್ದಳು. ಮೊದಲ ಕೆಲವು ನಿಮಿಷ ಅವಳಿಗೆ ಏನೂ ಕಾಣಿಸಲಿಲ್ಲ, ಕೇಳಿಸಲಿಲ್ಲ. ಬೆಂಚಿನ ಮರದ ಅಂಚು ಮಾತ್ರ ತೊಡೆಗೆ ಒತ್ತುತ್ತಿತ್ತು.

ಆಮೇಲೆ ಕಿವಿ ತಾನಾಗಿ ನಿಮಿರಿತು. ಎದುರು ತಂಡದ ಹುಡುಗಿಯೊಬ್ಬಳು ಮೂಲೆಗೆ ಸಿಕ್ಕಿಬಿದ್ದು "ರಾಣಿ!" ಎಂದಳು. ಚೆಂಡು ಬುಟ್ಟಿಯ ಬಲಗಡೆಗೆ ಹಾರಿತು. ಅಲ್ಲಿದ್ದ ಉದ್ದ ಜಡೆಯವಳು ಹಿಡಿದು ಹಾಕಿದಳು. ಇನ್ನೊಮ್ಮೆ ಇನ್ನೊಬ್ಬಳು ಸಿಕ್ಕಿಬಿದ್ದಳು, ಮತ್ತೆ ಅದೇ ಕೂಗು, ಅದೇ ಜಾಗ. ಅವರಿಗೂ ಒಬ್ಬಳು ಅಕ್ಕ ಇದ್ದಳು.

"ಮೇಡಂ," ಎಂದು ತಂಗಿ ಪಕ್ಕಕ್ಕೆ ವಾಲಿದಳು, "ಅವರು ಕಷ್ಟ ಬಂದ್ರೆ ಆ ಜಡೆಯೋಳನ್ನ ಕರೀತಾರೆ."

"ಹಾಗಾದ್ರೆ ಇನ್ನೇನು ಕೂತಿದ್ದೀಯ? ಏಳು."

ವಿರಾಮಕ್ಕೆ ಮುಂಚೆಯೇ ಅವಳು ಒಳಗಿದ್ದಳು. "ರಾಣಿ!" ಎಂಬ ಕೂಗಿಗೆ ಕಾಲು ತಾನಾಗಿ ನುಗ್ಗಿತು, ಕೈ ತಾನಾಗಿ ಬೀಸಿತು, ಚೆಂಡು ಗೆರೆಯಾಚೆ ಬಿತ್ತು. ಜಡೆಯವಳು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಎಲ್ಲಿಂದ ಬಂತೇ ಇದು, ಸೊಳ್ಳೆ?"

"ಬೆಂಚಿಂದ," ಎಂದಳು ತಂಗಿ.

ಮುಂದಿನ ಸಲ ಚೆಂಡು ಹೊರಗೆ ಹೋಗಲಿಲ್ಲ. ಹೊಡೆದ ಕೈಗೇ ವಾಪಸ್ಸು ಪುಟಿದು ಎದೆಗೆ ಅಂಟಿಕೊಂಡಿತು. ಅವಳು ಬೆಪ್ಪಾಗಿ ನಿಂತುಬಿಟ್ಟಳು. ಅಭ್ಯಾಸದಲ್ಲಿ ಚೆಂಡು ಹೊರಗೆ ಹೋದರೆ ಅಲ್ಲಿಗೆ ಅವಳ ಕೆಲಸ ಮುಗಿಯುತ್ತಿತ್ತು. ಕದ್ದ ಮೇಲೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಗುಬ್ಬಿ ಗಂಟಲು ಹರಿಯುವಂತೆ ಕೂಗುತ್ತಿದ್ದಳು: "ಕೊಡೇ! ಅದು ನಿನ್ನ ಮಗೂನಾ, ತಬ್ಕೊಂಡು ನಿಲ್ಲೋಕೆ!" ತಂಗಿ ಕೊಟ್ಟು ಓಡಿದಳು. ಗುಬ್ಬಿ "ಮೇಲೆ!" ಎಂದಳು. ಕಂಬ ಈ ಸಲ ತನ್ನನ್ನೇ ಕರೆದದ್ದೆಂದು ತಿಳಿದು ಕೈ ಎತ್ತಿದಳು, ಹಿಡಿದಳು, ಹಾಕಿದಳು.

ಪಂದ್ಯ ಸೋತರು. ದೊಡ್ಡ ಸೋಲೇನಲ್ಲ, ಆದರೂ ಸೋಲು. ಜಡೆಯವಳು ಮಾತ್ರ ಕೊನೆಕೊನೆಗೆ ಚೆಂಡು ಮುಟ್ಟಿದ್ದು ಕಡಿಮೆ. ಅವಳ ತಂಡದವರು ಆ ಹೆಸರು ಕೂಗುವುದನ್ನೇ ಬಿಟ್ಟಿದ್ದರು.

ನೀರಿನ ಬಾಟಲಿಗಳನ್ನು ಕೂಡಿಸುತ್ತಾ ಮೇಡಂ ತಂಗಿಯ ಬಳಿ ನಿಂತರು. "ಈ ವರ್ಷ ಹೀಗೇ ಇರತ್ತೆ. ಮೊದಲು ಕೂತ್ಕೋತೀಯ. ಬೇಜಾರಿದ್ಯಾ?"

"ಇದೆ," ಎಂದಳು ತಂಗಿ. ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ. ಅಂಗೈ ಇನ್ನೂ ಉರಿಯುತ್ತಿತ್ತು. ಅದನ್ನು ತಣ್ಣನೆಯ ಬಾಟಲಿಗೆ ಒತ್ತಿ ಹಿಡಿದಳು. "ಮೇಡಂ, ಮುಂದಿನ ಪಂದ್ಯ ಯಾರ ಜೊತೆ? ಅವರು ಸಂಜೆ ಎಲ್ಲಿ ಆಡ್ತಾರೆ? ಅವರು ಯಾರನ್ನ ಕರೀತಾರೋ ನಾನು ಹೋಗಿ ಕೇಳಿಸ್ಕೊಂಡು ಬರಬೇಕು."