ನಲ್ಲಿಯ ಕಾವಲು

ಖಾಲಿ ಬಾಟ್ಲಿ, ಸ್ಟಾಫ್ ರೂಮಿನ ಕಿಟಕಿಯಾಚೆ ಅದನ್ನು ಮೊಣಕಾಲಿಗೆ ಬಡಿಯುತ್ತ ಹೊರಟವಳು ಬಿ ಸೆಕ್ಷನ್ನಿನವಳಲ್ಲವೇ, ನಲ್ಲಿಯ ತನಕ ಹೋಗಿ ಹಾಗೇ ವಾಪಸು ಬಂದಳಲ್ಲ, ಯಾಕಮ್ಮ ಅಂದರೆ ನಿಮ್ಮ ಎ ಸೆಕ್ಷನ್ನಿನವರು ಬಿಡ್ತಿಲ್ಲ ಸಾರ್, ನಲ್ಲಿ ಮುರಿದೋರು ನಾವೇ ಅಂತೆ — ಇತಿಹಾಸದ ಮೇಷ್ಟ್ರು ತಮ್ಮ ಹೂಜಿಯಿಂದಲೇ ಬಾಟ್ಲಿ ತುಂಬಿಸಿಕೊಟ್ಟರು, ಅರ್ಧ ನೀರು ಚಪ್ಪಲಿಯ ಮೇಲೆ, ಯಾಕೆಂದರೆ ಆ ಅಂತೆಯನ್ನು ಹೆತ್ತವರು ಅವರೇ, ಬೆಳಿಗ್ಗೆ ಫ್ಯಾಸಿಸಂ ಪಾಠದ ನಡುವೆ. ಬುರುಡೆ ಮೇಷ್ಟ್ರು ಅಂತ ಹುಡುಗರು ಹೆಸರಿಟ್ಟದ್ದು ಸುಮ್ಮನೆ ಅಲ್ಲ, ದಿನಕ್ಕೊಂದು ಸುಳ್ಳನ್ನು ಪಾಠದಲ್ಲಿ ಬಚ್ಚಿಡ್ತೀನಿ, ಹಿಡಿಯೋದು ನಿಮ್ಮ ಕೆಲಸ, ಇದು ಒಪ್ಪಂದ, ರಾಜ ಆನೆಯನ್ನು ಜೇಬಲ್ಲಿಟ್ಟುಕೊಂಡು ಓಡಾಡುತ್ತಿದ್ದ ಅಂದರೆ ಗೊಳ್ಳೆಂದು ನಕ್ಕು ಹಿಡಿದುಬಿಡುತ್ತವೆ, ಇವತ್ತು ಮಾತ್ರ ಹುಬ್ಬು ಗಂಟಿಕ್ಕಿ, ನಲ್ಲಿ ಮುರಿದೋರು ಬಿ ಸೆಕ್ಷನ್ನಿನೋರು, ಅವರ ಬುದ್ಧಿಯೇ ಅಷ್ಟು, ಅಂದರು, ಇಡೀ ಕ್ಲಾಸಿನ ತಲೆ ಒಟ್ಟಿಗೆ ಆಡಿತು, ತುಕ್ಕು ಹಿಡಿದು ಹೆಡ್‌ಮಾಸ್ಟರ ಕೈಗೇ ಕಿತ್ತು ಬಂದ ನಲ್ಲಿ ಅದು, ಒಬ್ಬರೂ ಕೇಳಲಿಲ್ಲ, ಮಧ್ಯಾಹ್ನದ ಹೊತ್ತಿಗೆ, ಬಿ ಸೆಕ್ಷನ್ನಿನೋರು ಮುಟ್ಟಬಾರದು ಅಂತ, ಪಕ್ಕದಲ್ಲಿ ಉಳಿದ ಒಂದೇ ನಲ್ಲಿಗೆ ಕಾವಲು ಬಂತು, ಕಾವಲಿಗೆ ಒಬ್ಬ ಉದ್ದನೆಯ ಹುಡುಗ ನಿಂತ. ಹೋಗಿ ನಿಜ ಹೇಳ್ರೀ, ಸಾಕು ನಿಮ್ಮಾಟ, ಗಣಿತದ ಮೇಡಂ ಗದರುತ್ತಾರೆ, ಹೇಳಬಹುದು, ಆದರೆ ಹೇಳಿದರೆ ಅದನ್ನೂ ನಂಬಿಬಿಡ್ತಾರಲ್ಲ ಮೇಡಂ, ಸಾರ್ ಹೇಳಿದ್ದಾರೆ ಅಂತ, ಆಮೇಲೆ ಪರೀಕ್ಷೆಯಲ್ಲಿ ಫ್ಯಾಸಿಸಂ ಲಕ್ಷಣಗಳನ್ನು ಪಟಪಟ ಬರೆದು ಪೂರ್ತಿ ಅಂಕ ತಗೊಂಡು ಇನ್ನೊಂದು ನಲ್ಲಿ ಕಾಯೋಕೆ ಹೋಗ್ತಾರೆ.

ಬೆಲ್ಲು, ಕಡೆಯ ಪೀರಿಯಡ್ಡು, ಅದೇ ಕ್ಲಾಸು, ಇವತ್ತಿನ ಸುಳ್ಳು ಯಾವುದು ಹೇಳ್ರಪ್ಪ, ಯುದ್ಧ ಶುರುವಾದ ಇಸವಿ ಸಾರ್, ಅಲ್ಲ, ಅದು ಸರಿಯಿತ್ತು, ಬೇರೆ ಯಾರಾದರೂ, ಯಾರೂ ಇಲ್ಲ, ಮೇಷ್ಟ್ರು ಪುಸ್ತಕ ಮುಚ್ಚಿದರು, ಇನ್ನು ಬಿ ಸೆಕ್ಷನ್ನಿನ ಮಕ್ಕಳನ್ನು ಬಾಯಾರಿಕೆಯಲ್ಲಿ ಇಡುವುದು ತರವಲ್ಲ, ಹೇಳಿಬಿಡೋಣ, ಸೋತೆ, ಬಾಯಿ ತೆರೆದದ್ದೂ ಆಯಿತು — ಉದ್ದನೆಯವನು ಕೈ ಎತ್ತಿದ, ಕಾವಲಿಗೆ ನಿಂತವನೇ, ಸಾರ್, ಅವರು ಮುರಿದಿದ್ದನ್ನ ನೀವು ಕಣ್ಣಾರೆ ನೋಡಿದ್ರಾ, ಮಧ್ಯಾಹ್ನವೆಲ್ಲ ಪಕ್ಕದಲ್ಲೇ ನಿಂತಿದ್ದೆ, ಮುರಿದ ಜಾಗ ಬರೀ ತುಕ್ಕು ಸಾರ್. ಏ ಕೂತ್ಕೊಳೋ, ಸಾರ್ ಹೇಳಿದ್ಮೇಲೆ ಮುಗೀತು, ಹಿಂದಿನ ಬೆಂಚು, ಪಕ್ಕದವನು ಅಂಗಿ ಜಗ್ಗುತ್ತಾನೆ, ಹುಡುಗನ ಕಿವಿ ಕೆಂಪು, ಕೈ ಮಾತ್ರ ಇಳಿದಿಲ್ಲ, ಉತ್ತರ ಹೇಳಬೇಕು, ಹೇಳ್ತೀನಪ್ಪ, ತಡಿ, ಆ ಕೈ, ನೋಯುತ್ತಿರಬೇಕು, ಇನ್ನೊಂದು ಕೈಯನ್ನು ಮೊಣಕೈಗೆ ಆಸರೆ ಕೊಟ್ಟು ನಿಲ್ಲಿಸಿಕೊಂಡಿದ್ದಾನೆ, ಆ ಕೈ, ಎತ್ತಿದ ಕೈ, ಇನ್ನೂ ಮೇಲೇ