ಮೊಳದುದ್ದದ ಉಸಿರು

ತನ್ನದೇ ರೆಕಾರ್ಡಿಂಗಿನ ಟೇಪಿನ ಜೊತೆ ನುಡಿಸುತ್ತ, ಐದನೆಯ ಸಲವೂ ತಮ್ಮ ಅದೇ ಜಾಗದಲ್ಲಿ ಮುಗ್ಗರಿಸಿದ. ಟ್ರಂಪೆಟ್ ತುಟಿಯಿಂದ ಜಾರಿತು. ಮುಖ ಕೆಂಪೇರಿ ಕತ್ತಿನ ನರಗಳು ಉಬ್ಬಿದ್ದವು. ಟೇಪು ಮಾತ್ರ ಅವನನ್ನು ಬಿಟ್ಟು ಮುಂದಕ್ಕೆ ಓಡುತ್ತಲೇ ಇತ್ತು. ಅಕ್ಕ ಯಂತ್ರ ನಿಲ್ಲಿಸಿದಳು.

"ಇದು ನಾನು ನುಡಿಸಿದ್ದಲ್ಲ ಅಕ್ಕ."

"ಮತ್ತಿನ್ಯಾರು, ಪಕ್ಕದ ಮನೆಯವರಾ? ಒಂದೊಂದು ಸ್ವರಾನೂ ನಿಂದೇ."

"ಸ್ವರ ನಂದೇ. ಉಸಿರು ಎಲ್ಲಿ ತಗೊಳ್ಳಲಿ, ಅದನ್ನ ಹೇಳು."

ಉತ್ತರ ಅವಳಿಗೆ ಗೊತ್ತಿತ್ತು. ಈ ಜಾಝ್ ತಂಡದ ರೆಕಾರ್ಡಿಗೆ ಅವಳೇ ನಿರ್ಮಾಪಕಿ. ತಮ್ಮ ಮೂರು ದಿನ ಮೂರು ರೀತಿ ನುಡಿಸಿದ್ದ. ಮೊದಲ ದಿನದ ಆರಂಭ ಚೆನ್ನ, ಮೂರನೆಯ ದಿನದ ಮುಕ್ತಾಯ ಚೆನ್ನ. ಅವಳು ಬ್ಲೇಡು ಹಿಡಿದು ಟೇಪು ಕತ್ತರಿಸಿ, ಒಂದರ ಬಾಲಕ್ಕೆ ಇನ್ನೊಂದರ ತಲೆ ಅಂಟಿಸಿದ್ದಳು. ನಡುವೆ ಅವನು ಉಸಿರೆಳೆದುಕೊಳ್ಳಲು ನಿಂತಿದ್ದ ತಾಳದ ನಾಲ್ಕು ಪೆಟ್ಟಿನಷ್ಟು ಬಿಡುವು ಕಸದ ಡಬ್ಬಿಗೆ ಹೋಗಿತ್ತು. ರೇಡಿಯೋದಲ್ಲಿ ಒಂದೇ ಸಲ ಹಾಕಿದ್ದಕ್ಕೆ ಶನಿವಾರದ ಕಛೇರಿಯ ಟಿಕೆಟೆಲ್ಲ ಖಾಲಿಯಾಗಿದ್ದವು.

"ನನ್ನ ಕೈಲಾಗದ್ದನ್ನ ನನ್ನ ಹೆಸರಲ್ಲಿ ಮಾಡಿಟ್ಟಿದ್ದೀಯ" ಎಂದು ತಮ್ಮ ಬಾಗಿಲು ದೂಡಿಕೊಂಡು ಹೊರಬಿದ್ದ.

ಅಕ್ಕನಿಗೆ ಕೂತಲ್ಲಿ ಕೂರಲಾಗಲಿಲ್ಲ. ನಾಲ್ಕಕ್ಕೆ ರೆಕಾರ್ಡು ಅಚ್ಚುಹಾಕುವ ಕಾರ್ಖಾನೆಯ ವ್ಯಾನು ಬರುತ್ತದೆ; ಟೇಪು ಕೈಬಿಟ್ಟು ಹೋದರೆ ಮುಗಿಯಿತು, ಮತ್ತೆ ತಿದ್ದಲಾಗದು. ಕಿಟಕಿ ತೆರೆದಳು, ಮುಚ್ಚಿದಳು. ಕಡೆಗೆ ಡಬ್ಬಿ ಮಗುಚಿ, ಕಂದು ಸುರುಳಿಗಳ ಗೋಜಲಿನಿಂದ ಪೆನ್ಸಿಲ್ ಗುರುತಿದ್ದ, ಅವನ ಉಸಿರಿನ ಮೊಳದುದ್ದದ ತುಂಡನ್ನು ಹೆಕ್ಕಿ, ಒರೆಸಿ, ಇದ್ದ ಜಾಗಕ್ಕೇ ಅಂಟಿಸಿದಳು. ಕೇಳಿದಳು. ಓಡುತ್ತಿದ್ದವನು ಚಪ್ಪಲಿ ಸರಿಮಾಡಿಕೊಳ್ಳಲು ನಿಂತಂತಿತ್ತು.

ತಲೆಯೆತ್ತಿದರೆ ತಮ್ಮ ಬಾಗಿಲಲ್ಲಿ ನಿಂತಿದ್ದ.

"ಈಗ ನಂದೇ" ಎಂದ. ಆಮೇಲೆ, "ಆದ್ರೆ ಸಪ್ಪೆ ಕಣಕ್ಕಾ."

"ಆ ಮಾತು ನಾನು ಆಡಿದ್ರೆ ನೀನು ಜಗಳಕ್ಕೆ ಬರ್ತಿದ್ದೆ."

"ಬರ್ತಿದ್ದೆ. ತೆಗೆದುಬಿಡು ಅದನ್ನ."

"ಶನಿವಾರ ಏನು ಮಾಡ್ತೀಯ?"

"ಉಸಿರಾಡ್ತೀನಿ. ಜನ ಬೈದ್ರೆ ಬೈಲಿ. ರೆಕಾರ್ಡಿನ ಮೇಲೆ ಮಾತ್ರ ನನ್ನ ಹೆಸರಿನ ಪಕ್ಕದಲ್ಲೇ ನಿನ್ನ ಹೆಸರೂ ಹಾಕ್ಸು."

ಅವಳು ಕೈ ಸೆರಗಿಗೆ ಒರೆಸಿಕೊಂಡು, ಮತ್ತೆ ಬ್ಲೇಡು ಎತ್ತಿ ಆ ತುಂಡನ್ನು ಕತ್ತರಿಸಿ ತೆಗೆದಳು.

ಕೆಳಗೆ ವ್ಯಾನಿನ ಹಾರನ್ ಕೇಳುವ ಹೊತ್ತಿಗೆ ತಮ್ಮ ಮೆಟ್ಟಿಲ ಮೇಲೆ ಕೂತು ಅದನ್ನೇ ನುಡಿಸುತ್ತಿದ್ದ. ಆ ಜಾಗ ಬಂತು; ಟ್ರಂಪೆಟ್ ನಿಂತಿತು. ಅಕ್ಕನ ಬೆರಳು ತಾನಾಗಿ ಮೇಜನ್ನು ತಟ್ಟಿತು: ಒಂದು, ಎರಡು, ಮೂರು, ನಾಲ್ಕು. ಹಾರನ್ ಇನ್ನೊಮ್ಮೆ ಕೂಗಿತು. ಅವನು ನುಡಿಸಿ ಮುಗಿಸುವವರೆಗೆ ಅವಳು ಏಳಲಿಲ್ಲ.