ಹಿಟ್ಟಿನೊಳಗಿನ ನಡುಕ

ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಹುದುಗಿ, ಪಾತ್ರೆಯ ಮುಚ್ಚಳವನ್ನು ಒಂದು ಪಕ್ಕಕ್ಕೆ ಎತ್ತಿ ಹಿಡಿದಿತ್ತು. "ಅಮ್ಮಾ, ನನ್ನ ಹಿಟ್ಟು ಇಣುಕ್ತಿದೆ ನೋಡು!" ಎಂದು ನನ್ನ ಮಗಳು ತಾರಿಣಿ ಕುಣಿದಳು. ಹಳೆಯ ಹಿಟ್ಟಿನಲ್ಲಿ ಒಂದು ಸೌಟು ಉಳಿಸಿ ಹೊಸದಕ್ಕೆ ಬೆರೆಸುವುದು ನಮ್ಮ ಮನೆಯ ರೂಢಿ. ಆ ಕೆಲಸ ಅವಳದು; ಹಾಗಾಗಿ ಹಿಟ್ಟೂ ಅವಳದೇ. ಕಾದ ಕಾವಲಿಗೆ ನೀರು ಚಿಮುಕಿಸುತ್ತಿದ್ದೆ, ಫೋನು ಬಡಿದುಕೊಂಡಿತು.

"ನೋಡಮ್ಮ," ನಮ್ಮ ಪ್ರಯೋಗಾಲಯದ ಮುಖ್ಯಸ್ಥರಾದ ಪಶುಪತಿ ಸರ್ ಪೀಠಿಕೆಯಿಲ್ಲದೆ ಶುರುಮಾಡಿದರು, "ನಿನ್ನ ಆ ನಡುಕದ ಕತೆ ಸಾಕು. ನಾಳೆಯಿಂದ ಮೆಷೀನು ಬೇರೆಯವರಿಗೆ ಕೊಡ್ತೀನಿ."

ಕಾವಲಿ ಹೊಗೆಯಾಡತೊಡಗಿತ್ತು. ಒಲೆ ಆರಿಸಿದೆ.

ನಮ್ಮ ಸೂಕ್ಷ್ಮದರ್ಶಕ ನೋಡುವುದಿಲ್ಲ, ಮುಟ್ಟುತ್ತದೆ. ಕಣ್ಣಿಗೆ ಕಾಣದಷ್ಟು ಚೂಪಾದ ಅದರ ಸೂಜಿ ಜೀವಕೋಶದ ಮೈಯನ್ನು ಹಗುರಾಗಿ ಒತ್ತಿ, ಅದು ಎಷ್ಟು ಗಟ್ಟಿ, ಎಷ್ಟು ಮೆದು ಎಂದು ಅಳೆಯುತ್ತದೆ. ಒಂದೇ ಕೋಶದ ಜೀವಿಯಾದ ಯೀಸ್ಟಿನ ಹೊರಗೋಡೆಯ ಬಿಗಿ ಅಳೆಯುವುದು ನನ್ನ ಕೆಲಸವಾಗಿತ್ತು. ಒಮ್ಮೆ ಲ್ಯಾಬಿನ ಯೀಸ್ಟ್ ಕೆಟ್ಟುಹೋದಾಗ ತಾರಿಣಿಯ ಹಿಟ್ಟನ್ನೇ ಒಂದಿಷ್ಟು ಒಯ್ದು, ಅದರಲ್ಲಿದ್ದ ಯೀಸ್ಟನ್ನು ಬೇರ್ಪಡಿಸಿ ಬೆಳೆಸಿದ್ದೆ. "ಲ್ಯಾಬಿಗೆ ಅಡುಗೆಮನೆ ಹೊತ್ಕೊಂಡು ಬಂದ್ಯೇನಮ್ಮಾ? ನಾಳೆ ಚಟ್ನೀನೂ ತಾ" ಎಂದು ಸರ್ ಎಲ್ಲರೆದುರು ನಕ್ಕಿದ್ದರು.

ಅಳತೆ ಮುಗಿದ ಮೇಲೂ ನಾನು ಸೂಜಿಯನ್ನು ಎತ್ತುತ್ತಿರಲಿಲ್ಲ. ಜ್ವರ ಬಂದ ಮಗುವಿನ ಎದೆಯ ಮೇಲೆ ಕೈಯಿಟ್ಟಂತೆ ಸುಮ್ಮನೆ ಇಟ್ಟಿರುತ್ತಿದ್ದೆ. ಹಾಗೆ ಇಟ್ಟಾಗಲೇ ಸಿಕ್ಕಿದ್ದು ಅದು: ಕೋಶದ ಗೋಡೆ ಒಂದೇ ಲಯದಲ್ಲಿ ನಡುಗುತ್ತಿತ್ತು. ಪರದೆಯ ಮೇಲೆ ಆ ನಡುಕ ಸಣ್ಣ ಸಣ್ಣ ಅಲೆಗಳ ಗೆರೆಯಾಗಿ ಓಡುತ್ತಿತ್ತು.

"ಅದು ಜೀವದ ನಡುಕ ಸರ್" ಎಂದೆ ಫೋನಿನಲ್ಲಿ.

"ಜೀವಾನೂ ಇಲ್ಲ, ಗೀವಾನೂ ಇಲ್ಲ. ಮಧ್ಯಾಹ್ನ ಮಗೂನ ತಂದು ಕೂರಿಸ್ಕೋತೀಯಲ್ಲ, ಅದು ಕಾಲು ಕುಣಿಸ್ತಿರುತ್ತೆ. ಅದೇ ನಿನ್ನ ನಡುಕ."

ನನ್ನ ಕೈ ನಡುಗುತ್ತದೆ ಎಂದಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ನನ್ನ ಮಗಳು! ಸೂಜಿ ಇಳಿದಾಗ ಯಾರೂ ನಡೆಯಬಾರದು, ಮಾತಾಡಬಾರದು ಎಂಬುದು ಆ ಕೋಣೆಯ ನಿಯಮ. ಬಾಗಿಲು ದಡಾರೆಂದು ತಳ್ಳಿ ಬರುತ್ತಿದ್ದವರು ಇದೇ ಸರ್. ತಾರಿಣಿಯೋ, ಸ್ಟೂಲಿನ ಮೇಲೆ ಕಾಲು ಮಡಚಿ, ಸೀನು ಬಂದರೂ ಮೂಗು ಹಿಡಿದು ಕೂರುತ್ತಿದ್ದಳು. ಅಂಥ ಕೂಸಿನ ತಲೆಗೆ ಕಟ್ಟಿದರಲ್ಲ! ಫೋನಿನ ಮಾತು ಅವಳಿಗೂ ಕೇಳಿಸಿತ್ತು. "ನಾನು ಕುಣಿಸಿಲ್ಲಮ್ಮಾ" ಎಂದಳು, ಮೆಲ್ಲಗೆ.

"ಗೊತ್ತು ಕಂದಾ. ಇವತ್ತು ಅವರಿಗೂ ಗೊತ್ತಾಗ್ಲಿ."

ಲ್ಯಾಬಿಗೆ ಹೋದವಳೇ ಅವಳನ್ನು ಅದೇ ಸ್ಟೂಲಿನ ಮೇಲೆ ಕೂರಿಸಿ, ಅವಳ ಹಿಟ್ಟಿನದೇ ಒಂದು ಕೋಶವನ್ನು ಸೂಜಿಯ ಕೆಳಗಿಟ್ಟೆ. ಗೆರೆ ನಡುಗಿತು. ಸರ್ ಅವರನ್ನು ಕರೆದೆ.

"ಸೂಜಿ ಅದೇ, ಕೋಶ ಅದೇ, ಕೂತಿರೋ ಮಗೂನೂ ಅದೇ. ಈಗ ಕೋಶದ ಉಸಿರು ನಿಲ್ಲಿಸೋ ವಿಷ ಒಂದು ಹನಿ ಹಾಕ್ತೀನಿ. ಆಮೇಲೂ ಗೆರೆ ನಡುಗಿದ್ರೆ, ಅದು ನನ್ನ ಮಗಳ ಕಾಲಿಂದು. ನಿಂತ್ರೆ ಏನು ಅಂತ ನೀವೇ ಹೇಳಿ ಸರ್."

"ಹಾಕು, ನೋಡೇ ಬಿಡೋಣ."

ಹಾಕಿದೆ. ಕೋಣೆಯಲ್ಲಿ ಯಾರೂ ಅಲುಗಲಿಲ್ಲ. ಅಲೆಗಳು ಕುಗ್ಗಿದವು, ತಡವರಿಸಿದವು. ಕೊನೆಗೆ ಗೆರೆ ನೀಟಾಗಿ ಮಲಗಿತು. ನನಗೆ ಗೆದ್ದ ಹುಮ್ಮಸ್ಸು. ತಾರಿಣಿ ಮಾತ್ರ ಪರದೆಯಿಂದ ಕಣ್ಣು ಕೀಳಲಿಲ್ಲ.

ಸರ್ ಗಂಟಲು ಸರಿಮಾಡಿಕೊಂಡರು. "ಹ್ಞೂಂ, ಜೀವಾನೇ ಕಣಮ್ಮ. ನಂಗೆ ಮೊದ್ಲಿಂದ್ಲೂ ಅನುಮಾನ ಇತ್ತು. ಮೆಷೀನು ನಿನ್ನ ಹತ್ರಾನೇ ಇರ್ಲಿ." ಮಗುವಿನ ಮೇಲೆ ಹೊರಿಸಿದ್ದಕ್ಕೆ ಒಂದು ಮಾತಿಲ್ಲ. ಹೋಗುವಾಗ ಅವಳ ಕೆನ್ನೆ ಚಿವುಟಿ, "ಜಾಣೆ, ಅಲ್ಲಾಡದೆ ಕೂತಿದ್ದೆ" ಎಂದರು. ಆ ಕೈಯನ್ನು ತಳ್ಳಿಬಿಡಬೇಕೆನಿಸಿತು ನನಗೆ. ಕಣ್ಣೆದುರು ಮಿಡಿಯುತ್ತಿದ್ದಷ್ಟು ದಿನ ಮಗುವಿನ ಕಾಲಿನ ಕುಣಿತವೆಂದವರು, ಅದು ನಿಂತ ಮೇಲೆ ಜೀವವೆಂದರು!

ದಾರಿಯುದ್ದಕ್ಕೂ ನಾನು ಅವರನ್ನು ಬೈಯುತ್ತಲೇ ಬಂದೆ. ತಾರಿಣಿ ಎರಡು ಸಲ ಏನೋ ಕೇಳಲು ಬಾಯಿ ತೆರೆದು ಮುಚ್ಚಿಕೊಂಡಳು. ಸಂಜೆ ಹೊಸ ಹಿಟ್ಟಿಗೆ ಒಂದು ಸೌಟು ಹಳೆಯದನ್ನು ಬೆರೆಸಿ, ಮುಚ್ಚಳವನ್ನು ಮೆಲ್ಲಗೆ ಮುಚ್ಚಿದಳು.

ಬೆಳಿಗ್ಗೆ ಮುಚ್ಚಳ ಮತ್ತೆ ಎದ್ದಿತ್ತು. ಅವಳು ಕುಣಿಯಲಿಲ್ಲ. ಪಾತ್ರೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಹಿಟ್ಟಿನ ಮೇಲೆ ಗುಳ್ಳೆಯೊಂದು ಉಬ್ಬಿ ಒಡೆಯುವವರೆಗೂ ಕಾದಳು. ನಾನು ಸೌಟು ಅದ್ದಲು ಹೋದಾಗ ನನ್ನ ಕೈ ಹಿಡಿದಳು.

"ಅಮ್ಮಾ, ಅದು ಬದುಕಿದೆ ಅಂತ ಆ ಸರ್‌ಗೆ ತೋರಿಸೋಕೆ, ಅದು ಸಾಯಲೇಬೇಕಿತ್ತಾ?"